ಕ್ಷಮಿಸಿಬಿಟ್ಟ ಕಳ್ಳತನ

ನನಗೆ ಅರಳುಮರಳು ಹಿಡಿದಿದೆ ಎಂದು ಹೋದ ವಾರ ಈ ಗುಂಪಿನಲ್ಲಿ ಯಾರೋ ಗೊಣಗಿದರಂತೆ. ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಮನೆಯೆಲ್ಲ ಹುಡುಕುತ್ತೇನೆ, ನಿಜ. ಆದರೆ ಜನ ಆಡಿದ ಮಾತು ಮರೆಯುವ ಜಾಯಮಾನ ನನ್ನದಲ್ಲ. ನಂಬದವರು ಇಲ್ಲಿಗೇ ನಿಲ್ಲಿಸಿ, ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿ. ಉಳಿದವರು ಕೇಳಿ.

ಅವತ್ತು ಒಂದು ಕ್ರೈಸ್ತ ಕಾಲೇಜಿನ ಬೆಳಗಿನ ಪ್ರಾರ್ಥನೆಯಲ್ಲಿ ಪೈಲ್ವಾನ ಎದ್ದು ನಿಂತಾಗ, ಅಷ್ಟು ಹೊತ್ತು ಅವನನ್ನು ಹೊತ್ತಿದ್ದ ಬೆಂಚು ಕಿರ್ರೆಂದು ಉಸಿರು ಬಿಟ್ಟಿತು. ಪೈಲ್ವಾನ ಬ್ಯಾಂಕೊಂದರ ಕಾವಲುಗಾರ. ತೋಳು ಒನಕೆಯಂಥದ್ದು, ಎದೆಯೊಳಗೆ ಮಾತ್ರ ಬರೀ ಬೆಣ್ಣೆ. ಕಣ್ಣಲ್ಲಿ ನೀರು ತುಂಬಿಕೊಂಡು, "ಪ್ರಾರ್ಥನಾ ಮಂದಿರದ ಮೇಣದಬತ್ತಿಯ ಹಿತ್ತಾಳೆ ಸ್ಟ್ಯಾಂಡು ಕದ್ದಿದ್ದು ನಾನೇ. ರಾತ್ರಿಯೆಲ್ಲಾ ಕಣ್ಣು ಮುಚ್ಚಿಲ್ಲ" ಎಂದುಬಿಟ್ಟ.

ಆ ಕಾಲೇಜಿನಲ್ಲಿ ಒಂದು ಪದ್ಧತಿ. ತಪ್ಪು ಮಾಡಿದವರು ಬೆಳಗಿನ ಪ್ರಾರ್ಥನೆಯಲ್ಲಿ ಎದ್ದು ನಿಂತು ಹೇಳಬೇಕು. ಉಳಿದವರೆಲ್ಲ ಒಟ್ಟಿಗೆ "ಕ್ಷಮಿಸಿದ್ದೇವೆ" ಎನ್ನಬೇಕು. ಆಮೇಲೆ ಆ ವಿಷಯವನ್ನು ಆ ಕಾಂಪೌಂಡಿನೊಳಗೆ ಯಾರೂ ಎತ್ತುವಂತಿಲ್ಲ. ಅವತ್ತೂ ಅಷ್ಟೇ, ಅರ್ಧ ನಿದ್ದೆಯಲ್ಲಿದ್ದ ತರಗತಿ ಅಭ್ಯಾಸಬಲದಿಂದ "ಕ್ಷಮಿಸಿದ್ದೇವೆ" ಎಂದಿತು.

ಹಿಂದಿನ ಬೆಂಚಿನಲ್ಲಿದ್ದ ಸೀಟಿಯಮ್ಮ ಒಬ್ಬಳೇ ಹಣೆ ಚಚ್ಚಿಕೊಂಡಳು. "ಅಯ್ಯೋ ಮಹರಾಯ, ಕೆಡಿಸಿಬಿಟ್ಟೆಯಲ್ಲೋ!"

ಯಾಕೆಂದರೆ ಅದು ಕಳ್ಳತನವಲ್ಲ, ಪರೀಕ್ಷೆ. ಆ ಕಾಲೇಜಿನಲ್ಲಿ ಕೆಲಸದಲ್ಲಿರುವವರಿಗಾಗಿ ಶನಿವಾರ ಶನಿವಾರ ಕ್ರಿಮಿನಲ್ ಜಸ್ಟಿಸ್, ಅಂದರೆ ಅಪರಾಧ-ನ್ಯಾಯದ ಪಾಠ ನಡೆಯುತ್ತಿತ್ತು. ಪಾಠ ಹೇಳುತ್ತಿದ್ದವರು ಒಬ್ಬ ಫಾದರ್. ಅವರೇ ಗುಟ್ಟಾಗಿ ಪೈಲ್ವಾನನನ್ನು ಕಳ್ಳನನ್ನಾಗಿ ನೇಮಿಸಿ, ಹಿಂದಿನ ಸಂಜೆ ಸ್ಟ್ಯಾಂಡನ್ನು ಎಲ್ಲಾದರೂ ಬಚ್ಚಿಡು, ಯಾರು ಕೇಳಿದರೂ ಬಾಯಿ ಬಿಡಬೇಡ ಎಂದಿದ್ದರು. ಮಾಲು ಯಾರ ಕೈ ಸೇರಿದೆ ಎಂದು ವಿದ್ಯಾರ್ಥಿಗಳು ಮಧ್ಯಾಹ್ನದೊಳಗೆ ಪುರಾವೆ ಸಮೇತ ಸಭಾಂಗಣದಲ್ಲಿ ಹೇಳಬೇಕಿತ್ತು. ಇಡೀ ಕಾಲೇಜಿನಲ್ಲಿ ಸುಳ್ಳು ಹೇಳಲು ಬಾರದ ಒಬ್ಬನೇ ಮನುಷ್ಯನನ್ನು ಹುಡುಕಿ ಫಾದರ್ ಕಳ್ಳನನ್ನಾಗಿ ಮಾಡಿದ್ದರು.

ಸೀಟಿಯಮ್ಮ ಸಂಚಾರಿ ಪೊಲೀಸು. ಇಪ್ಪತ್ತು ವರ್ಷ ನಾಲ್ಕು ರಸ್ತೆ ಸೇರುವ ಒಂದೇ ಜಾಗದಲ್ಲಿ ನಿಂತು ಸೀಟಿ ಊದಿದವಳು. ಕಾಲಿನ ನರಗಳು ಹಗ್ಗದಂತೆ ಉಬ್ಬಿದ್ದವು. ಇನ್ನೊಂದು ವರ್ಷ ನಿಂತರೆ ಆಪರೇಷನ್ನೇ ಗತಿ ಎಂದು ಡಾಕ್ಟರು ಹೇಳಿಯಾಗಿತ್ತು. ಈ ಕೋರ್ಸು ಪಾಸಾದರೆ ಠಾಣೆಯೊಳಗೆ ಕೂತು ಮಾಡುವ ಕೆಲಸ. ಹೋದ ಸಲ ಫೇಲಾಗಿದ್ದಳು, ಮೂರನೆಯ ಸಲ ಕೂರಲು ಇಲಾಖೆ ಬಿಡುವುದಿಲ್ಲ. ಅತ್ತೆಯಂತೂ ದಿನಾ ಬೆಳಗ್ಗೆ ಅವಳ ಕಾಲಿಗೆ ಬಟ್ಟೆ ಪಟ್ಟಿ ಸುತ್ತುತ್ತಾ, "ಕಳ್ಳರ ವಿದ್ಯೆ ಕಲಿಯೋಕೆ ದೇವರ ಮನೆನೇ ಬೇಕಿತ್ತೇನೇ? ಈ ಸಲ ಪಾಸಾಗದೆ ಬಂದ್ರೆ ನಿನ್ನ ಕಾಲು ನೀನೇ ಸುತ್ಕೋ" ಎನ್ನುತ್ತಿದ್ದಳು. ಬೈಗುಳ ಎಷ್ಟು ಬಿಗಿಯೋ ಪಟ್ಟಿ ಅಷ್ಟು ಮೆತ್ತಗೆ.

ಫಾದರ್ ಓಡಿದ್ದು ಅಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದ ಮದರ್ ಬಳಿಗೆ. ಮದರ್ ಎಂದರೆ ಕಾಲೇಜಿನ ಮುಖ್ಯಸ್ಥೆ. ಅಗಲ ತೋಳಿನ ಕಪ್ಪು ನಿಲುವಂಗಿ, ಕೋಲಿನಂತೆ ನೆಟ್ಟಗಿನ ಬೆನ್ನು.

"ಕ್ಷಮಿಸಿದ ಮೇಲೆ ಮುಗೀತು ಫಾದರ್. ಅದರ ಸುದ್ದಿ ಇನ್ನು ಯಾರೂ ಎತ್ತಬಾರದು" ಎಂದರು ಮದರ್.

"ಅದು ನಾಟಕ ಮದರ್! ಪರೀಕ್ಷೆ!"

"ನಾಟಕಕ್ಕೆ ಅವನ ಕಣ್ಣಲ್ಲಿ ನಿಜವಾದ ನೀರು ಬಂತಲ್ಲ."

ಸೀಟಿಯಮ್ಮ ನಡುವೆ ಬಾಯಿ ಹಾಕಿದಳು. "ಮದರ್, ತಪ್ಪಾದ್ರೆ ಮನ್ನಿಸಿ. ರಸ್ತೆ ಮಧ್ಯ ಗಾಡಿ ನಿಲ್ಲಿಸಿದವನಿಗೆ ಹೋಗ್ಲಿ ಬಿಡು ಅಂತೀವಿ. ಆದ್ರೆ ಗಾಡಿ ಅಲ್ಲೇ ಇರೋಕಾಗುತ್ತಾ? ಮನುಷ್ಯನ್ನ ಕ್ಷಮಿಸಿದ್ವಿ, ಸರಿ. ಸ್ಟ್ಯಾಂಡು ಎಲ್ಲಿ?"

ತರಗತಿ ನಕ್ಕಿತು. ಮದರ್ ನಗಲಿಲ್ಲ. "ಅದು ಸಿಗುತ್ತೆ ಬಿಡು" ಎಂದಷ್ಟೇ ಹೇಳಿ ತಿರುಗಿದರು. ಫಾದರ್‌ಗೆ ಅಷ್ಟೇ ಸಾಕಾಯಿತು. ಕಳ್ಳನ ಸುದ್ದಿ ಬೇಡ, ಮಾಲು ಹುಡುಕಿ ಎಂದು ಎಲ್ಲರನ್ನೂ ಅಟ್ಟಿದರು.

ಪೈಲ್ವಾನನ ಬಾಯಿಗೆ ಬೀಗ ಬಿದ್ದಿತ್ತು, ಕಣ್ಣಿಗೆ ಬಿದ್ದಿರಲಿಲ್ಲ. ಅವು ನಿಮಿಷಕ್ಕೊಮ್ಮೆ ಅಡುಗೆಮನೆಯ ಕಡೆ ಹೊರಳುತ್ತಿದ್ದವು. ಉಳಿದವರು ತೋಟ ಅಗೆಯುತ್ತಿದ್ದಾಗ ಸೀಟಿಯಮ್ಮ ಕುಂಟುತ್ತಾ ಅಲ್ಲಿಗೆ ಹೋದಳು. ಪೈಲ್ವಾನ ಹಿಂದೆಯೇ ಬಂದ. ಮೂಲೆಯಲ್ಲಿ ಸೊಂಟದೆತ್ತರದ ಹಿಟ್ಟಿನ ಡ್ರಮ್ಮು. ಅದನ್ನು ನೋಡಿದವನೇ ಅವನು ಬೆವೆತ.

"ತೆಗೀಲಾ ಸಿಸ್ಟರ್?" ಎಂದಳು ಸೀಟಿಯಮ್ಮ.

"ತೆಗಿ. ನಿನ್ನೆ ಮಧ್ಯಾಹ್ನದಿಂದ ನಾನು ಅದನ್ನ ಮುಟ್ಟಿಲ್ಲ" ಎಂದರು ಅಡುಗೆಯ ಸಿಸ್ಟರ್, ಈರುಳ್ಳಿ ಹೆಚ್ಚುತ್ತಲೇ. "ಕೈ ತೊಳ್ಕೊಂಡು ಹಾಕು ಮತ್ತೆ. ಜನ ತಿನ್ನೋ ಹಿಟ್ಟು ಅದು."

ಸೀಟಿಯಮ್ಮ ಮೊಣಕೈ ಮುಳುಗುವವರೆಗೆ ಕೈ ಇಳಿಸಿ ತಡಕಿದಳು. ಹಿಟ್ಟು. ಬರೀ ಹಿಟ್ಟು. ಪೈಲ್ವಾನ ಅವಳನ್ನು ಸರಿಸಿ ತಾನೇ ಕೈ ಹಾಕಿದ. ಅವನ ಮುಖವೂ ಹಿಟ್ಟಿನ ಬಣ್ಣಕ್ಕೆ ತಿರುಗಿತು. "ಅಕ್ಕಾ! ಇಲ್ಲೇ ಇಟ್ಟಿದ್ದೆ! ದೇವರಾಣೆ ಅಕ್ಕಾ, ಈಗ ನಿಜವಾಗ್ಲೂ ಕಳುವಾಯ್ತು!"

"ಬಾಯಿ ಮುಚ್ಚೋ. ಕ್ಷಮಿಸಿರೋ ವಿಷಯ ಎತ್ತಬಾರದು."

ಅಂಗಿಯ ತೋಳಿಗೆ ಮೆತ್ತಿದ್ದ ಹಿಟ್ಟನ್ನು ಸೀಟಿಯಮ್ಮ ಕೊಡವಿದಳು. ಎಷ್ಟು ಕೊಡವಿದರೂ ಮಡಿಚಿದ ಅಂಚಿನೊಳಗೆ ಒಂದು ಬಿಳಿ ಗೆರೆ ಉಳಿದೇ ಉಳಿಯಿತು. ಅದನ್ನೇ ನೋಡುತ್ತಾ ನಿಂತಳು. ಓಡುವ ಕಾರಿನೊಳಗೆ ಯಾರು ಬೆಲ್ಟು ಹಾಕಿಲ್ಲ ಎಂದು ಒಂದೇ ನೋಟಕ್ಕೆ ಹಿಡಿಯುವ ಕಣ್ಣು ಅವಳದು. ಬೆಳಗ್ಗೆ ಅಂಥದೇ ಬಿಳಿ ಗೆರೆಯನ್ನು ಕಪ್ಪು ತೋಳೊಂದರ ಮಡಿಕೆಯಲ್ಲಿ ಕಂಡಿದ್ದಳು.

"ಸಿಸ್ಟರ್, ಮದರ್ ಅಡುಗೆಮನೆಗೆ ಬರ್ತಾರಾ?"

"ಅವರಾ? ನೀರು ಕಾಯಿಸೋಕೆ ಇಟ್ರೂ ತಳ ಹಿಡಿಸ್ತಾರೆ. ಈ ಕಡೆ ತಲೆ ಹಾಕಲ್ಲ ಪುಣ್ಯಾತ್ಗಿತ್ತಿ."

ಮದರ್ ಕಾಲೇಜಿನ ಉದ್ದನೆಯ ಕಾರಿಡಾರಿನಲ್ಲಿ ಎದುರಾದರು. ಸೀಟಿಯಮ್ಮನ ಅಂಗೈ ತಾನಾಗಿಯೇ ಮೇಲೆದ್ದಿತು. "ಮದರ್, ಒಂಚೂರು ಪಕ್ಕಕ್ಕೆ ಬನ್ನಿ." ಹೇಳಿದ ಮೇಲೆ ನೆನಪಾಯಿತು: ಅಂಕಪಟ್ಟಿಗೆ ಸಹಿ ಹಾಕುವವರು ಇವರೇ.

ಮದರ್ ಪಕ್ಕಕ್ಕೆ ಬಂದರು. ಅವರ ಎಡಗೈ ಬಲತೋಳಿನ ಮಡಿಕೆಯನ್ನು ಮುಚ್ಚಿತು.

"ನಿನ್ನೆ ಸಂಜೆ ಹಿಟ್ಟಿಗೆ ಹುಳು ಬಿದ್ದಿದ್ಯಾ ನೋಡೋಣ ಅಂತ ಹೋದೆ" ಎಂದರು, ಕೇಳುವ ಮೊದಲೇ. "ಕೈಗೆ ಸ್ಟ್ಯಾಂಡು ತಾಗಿತು. ಸಿಸ್ಟರೇ ಕದ್ದಿಟ್ಟಿದ್ದಾಳೆ ಅಂದ್ಕೊಂಡೆ. ಅವಳ ಮಾನ ಹೋಗಬಾರದು ಅಂತ ನನ್ನ ಕೋಣೇಲಿ ತಂದಿಟ್ಟೆ. ಬೆಳಗ್ಗೆ ಅವಳೇ ಎದ್ದು ಒಪ್ಕೋತಾಳೆ ಅಂತ ಕಾಯ್ತಾ ಕೂತಿದ್ರೆ, ಎದ್ದಿದ್ದು ಆ ಆನೆಮರಿ." ತಲೆ ತಗ್ಗಿಸಿದರು. "ಮೂವತ್ತು ವರ್ಷದಿಂದ ಅವಳ ಕೈ ಊಟ ಮಾಡಿದೀನಿ. ಒಂದೇ ಕ್ಷಣಕ್ಕೆ ಕಳ್ಳಿ ಅಂದ್ಕೊಂಡುಬಿಟ್ಟೆ. ಹೇಗೆ ಹೇಳ್ಲಿ?"

"ನಾಳೆ ಪ್ರಾರ್ಥನೇಲಿ ಹೇಳಿ ಮದರ್."

"ಹೇಳ್ತೀನಿ. ಧೈರ್ಯ ಬಂದ್ರೆ. ಆದ್ರೆ ನಿನ್ನ ಪರೀಕ್ಷೆ ಇವತ್ತು." ಮದರ್ ತಲೆ ಎತ್ತಿದರು. "ನನ್ನ ಹೆಸರು ಹೇಳಬೇಡ ಅಂತ ನಾನು ಕೇಳಲ್ಲ ಮಗಳೇ."

ಕೇಳಿದ್ದರೆ ಸುಲಭವಾಗುತ್ತಿತ್ತು. ರಸ್ತೆಯಲ್ಲಿ ವಾದ ಮಾಡಿದವರಿಗೆ ಸೀಟಿಯಮ್ಮ ದಂಡ ಹಾಕದೆ ಬಿಟ್ಟಿದ್ದಿಲ್ಲ. ತಲೆ ತಗ್ಗಿಸಿ ನಿಂತವರ ಮುಂದೆ ಮಾತ್ರ ಅವಳ ಪೆನ್ನು ಓಡುತ್ತಿರಲಿಲ್ಲ.

ಸಭಾಂಗಣ ತುಂಬಿತ್ತು. ಬಾಗಿಲ ಬಳಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಅಡುಗೆಯ ಸಿಸ್ಟರ್ ಕೂಡ ನಿಂತಿದ್ದರು. ತೋಟದ ಮಣ್ಣು ಮೆತ್ತಿಕೊಂಡ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಸೋತು ಕೂತರು. ಸೀಟಿಯಮ್ಮ ಎದ್ದಳು. ಸ್ಟ್ಯಾಂಡು ಎಲ್ಲಿತ್ತು, ಎಷ್ಟು ಆಳದಲ್ಲಿತ್ತು, ಅಷ್ಟು ಆಳಕ್ಕೆ ಕೈ ಹಾಕಿದರೆ ಹಿಟ್ಟು ಎಲ್ಲಿ ಉಳಿಯುತ್ತದೆ ಎಂದು ತನ್ನ ತೋಳನ್ನೇ ತೋರಿಸಿ ಹೇಳಿದಳು. ಫಾದರ್ ಮುಖ ಅರಳುತ್ತಾ ಹೋಯಿತು.

"ಭೇಷ್! ಈಗ ಹೆಸರು ಹೇಳಮ್ಮ."

"ಹೆಸರು ಗೊತ್ತಿದೆ ಫಾದರ್. ಹೇಳಲ್ಲ."

"ಹೇಳದಿದ್ರೆ ಫೇಲು."

"ಫೇಲಾದ್ರೆ ಫೇಲು. ಎದ್ದು ಹೇಳೋರಿಗೆ ಹೊತ್ತು ಬೇಕು. ನಾನು ಮೊದಲು ಹೇಳಿದ್ರೆ ಅವರಿಗೆ ಹೇಳೋಕೆ ಏನೂ ಉಳಿಯಲ್ಲ." ಅಷ್ಟು ಹೇಳಿ ಬೆಂಚಿನ ಅಂಚು ಹಿಡಿದುಕೊಂಡಳು. ಅತ್ತೆಯ ಬಾಯಿ ಮನೆಯಿಂದಲೇ ಕೇಳಿಸಿದಂತಾಯಿತು.

ಆಗ ವೇದಿಕೆಯ ಮೇಲೆ ಮದರ್ ಎದ್ದು ನಿಂತರು. ಪ್ರಾರ್ಥನೆಯ ಗಂಟೆ ಹೊಡೆದಿರಲಿಲ್ಲ, ಯಾರೂ ಕೈ ಜೋಡಿಸಿರಲಿಲ್ಲ. ಮದರ್ ಎಲ್ಲವನ್ನೂ ಹೇಳಿದರು. ಕೊನೆಗೆ ಬಾಗಿಲ ಕಡೆ ತಿರುಗಿ, "ನಿನ್ನನ್ನ ಕಳ್ಳಿ ಅಂದ್ಕೊಂಡೆ ಸಿಸ್ಟರ್" ಎಂದರು.

"ಕ್ಷಮಿಸಿದ್ದೇವೆ!" ಎಂದು ಸಭಾಂಗಣ ಗುಡುಗಿತು. ಎಲ್ಲರಿಗಿಂತ ಜೋರಾಗಿ ಪೈಲ್ವಾನ.

ಎಲ್ಲರೂ ಅಡುಗೆಯ ಸಿಸ್ಟರ್ ಕಡೆ ನೋಡಿದರು. ಅವರು ಕೈ ಒರೆಸಿದರು, ಮತ್ತೆ ಒರೆಸಿದರು. ಆಮೇಲೆ, "ಆಯ್ತು, ನಾನೂ ಕ್ಷಮಿಸಿದೀನಿ. ಆದ್ರೆ ಇವತ್ತು ಯಾರ್ಯಾರೋ ಮೊಣಕೈವರೆಗೂ ಕೈ ಹಾಕಿದಾರೆ. ಅಷ್ಟೂ ಹಿಟ್ಟು ಜರಡಿ ಹಿಡಿದುಕೊಡೋಕೆ ನೀವೇ ಬರಬೇಕು" ಎಂದರು.

"ಬರ್ತೀನಿ" ಎಂದರು ಮದರ್.

ಫಾದರ್ ತಲೆ ಕೆರೆದುಕೊಂಡರು. "ಈಗ ಇದೂ ಕ್ಷಮಿಸಿದ ವಿಷಯ. ಹೆಸರು ಎತ್ತೋ ಹಾಗಿಲ್ಲ. ಹೆಸರು ಎತ್ತದೆ ಉತ್ತರ ಹೇಳಿದವರು ಇಡೀ ತರಗತೀಲಿ ಒಬ್ಬರೇ. ಅಂದ್ಮೇಲೆ ಕಾಲೇಜಿನ ನಿಯಮದ ಪ್ರಕಾರ ಸರಿ ಉತ್ತರ ಅದೊಂದೇ." ಪೆನ್ನು ತೆಗೆದರು. "ಪಾಸು."

"ಅಕ್ಕಾ!" ಎಂದು ಪೈಲ್ವಾನ ಮತ್ತೆ ಅಳತೊಡಗಿದ. "ಸುಮ್ಮನಿರೋ, ನೀನು ಬ್ಯಾಂಕನ್ನ ಹೇಗೆ ಕಾಯ್ತೀಯೋ ದೇವರಿಗೇ ಗೊತ್ತು" ಎಂದಳು ಸೀಟಿಯಮ್ಮ.

ಸಂಜೆ ಅವಳು ಮನೆಗೆ ಹೊರಟಾಗ, ತಾನು ಸೀಟಿ ಊದುತ್ತಿದ್ದ ಆ ನಾಲ್ಕು ರಸ್ತೆ ಸೇರುವಲ್ಲಿ ವಾಹನಗಳು ಒಂದರ ಬಾಲ ಒಂದು ಕಚ್ಚಿಕೊಂಡು ಓಡುತ್ತಿದ್ದವು. ಅವಳ ಬದಲಿಗೆ ಅವತ್ತು ಹೊಸ ಹುಡುಗಿಯೊಬ್ಬಳು ಕರ್ತವ್ಯದಲ್ಲಿದ್ದಳು. ಸೀಟಿಯಮ್ಮ ಊದಿದ ಕಾಲಿಗೆ ಬಿಗಿಯುತ್ತಿದ್ದ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ರಸ್ತೆಯಂಚಿಗೆ ಬಂದಳು. ಹುಡುಗಿ ಅವಳನ್ನು ಕಂಡು ನಾಲ್ಕೂ ಕಡೆಯ ವಾಹನಗಳನ್ನು ತಡೆದಳು. ಸೀಟಿಯಮ್ಮ ಬರಿಗಾಲಲ್ಲಿ, ಅವಸರವೇ ಇಲ್ಲದೆ, ಬಿಸಿ ಆರದ ಡಾಂಬರಿನ ಮೇಲೆ ದಾಟಿದಳು. ಒಬ್ಬನೂ ಹಾರ್ನ್ ಹೊಡೆಯಲಿಲ್ಲ.

ಅಷ್ಟೇ. ಕ್ಷಮಿಸಿದ ವಿಷಯ ಎತ್ತಿದಿರಲ್ಲ ಎನ್ನಬೇಡಿ, ನಾನು ಆ ಕಾಂಪೌಂಡಿನ ಹೊರಗಿನವನು. ಕೇಳಿದ್ದನ್ನು ನಿಮ್ಮಲ್ಲೇ ಇಟ್ಟುಕೊಂಡು ಕೂರದೆ ನಾಲ್ಕು ಜನಕ್ಕೆ ಕಳಿಸಿ. ನಿಂತು ಕೆಲಸ ಮಾಡುವವರಿಗೆ ಮೊದಲು.