ತಟ್ಟೆಚೂರಿನ ತೀರ್ಪು

ದ್ವಾರಕನಾಥರ ಬಲಗೈ ಮೇಲೆದ್ದರೆ ಡಾರ್ಮ್‌ಸ್ಟಾಟ್‌ನ ಟ್ರಾಮುಗಳು ನಿಲ್ದಾಣವಿಲ್ಲದ ಕಡೆಯೂ ನಿಲ್ಲುತ್ತಿದ್ದವೆಂದೂ, ಚೌಕದ ಪಾರಿವಾಳಗಳು ಕಾಳು ಬಿಟ್ಟು ತೀರ್ಪಿಗೆ ಕಾಯುತ್ತಿದ್ದವೆಂದೂ ಅಲ್ಲಿನ ಕನ್ನಡ ಬಳಗದಲ್ಲಿ ಪ್ರತೀತಿ. ಪ್ರಾಚೀನ ಗ್ರೀಸಿನ ಚರಿತ್ರೆಯನ್ನು ಜರ್ಮನ್ ವಿದ್ಯಾರ್ಥಿಗಳಿಗೆ ಜೀವಮಾನವಿಡೀ ಬೋಧಿಸಿ ನಿವೃತ್ತರಾದ ಈ ಮೈಸೂರಿನ ಮೇಷ್ಟ್ರಿಗೆ, ಕೈಯೆತ್ತಿ ಮತ ಹಾಕದೆ ನಡೆದದ್ದೆಲ್ಲ ದಬ್ಬಾಳಿಕೆಯೇ. ಬಳಗದ ಊಟಕ್ಕೆ ಪುಳಿಯೋಗರೆಯೋ ಬಿಸಿಬೇಳೆಬಾತೋ ಎಂಬುದೂ ಬಹುಮತದಿಂದಲೇ ಇತ್ಯರ್ಥವಾಗಬೇಕು. ಹೆಂಡತಿ ಕಲ್ಯಾಣಿ ತೀರಿಕೊಂಡ ಮೇಲೆ ಕಾಫಿಯೋ ಟೀಯೋ ಎಂದು ತಮ್ಮನ್ನೇ ಕೇಳಿಕೊಂಡು ಒಬ್ಬರೇ ಕೈಯೆತ್ತುತ್ತಿದ್ದರಂತೆ. ಕನ್ನಡ ಮಾತಾಡಲು ಅವರಿಗೆ ಉಳಿದದ್ದು ಬಳಗದ ಭಾನುವಾರಗಳು ಮಾತ್ರ.

ಅಂಥ ಬಳಗವೇ ಒಡೆಯುವ ಹೊತ್ತು ಬಂತು. ಯತಿರಾಜ್, ಗಿರಿಧರ್ ಎಂಬ ಇಬ್ಬರು ಸಾಫ್ಟ್‌ವೇರ್ ವೀರರು ಅಧ್ಯಕ್ಷಗಿರಿಗಾಗಿ ಕಿತ್ತಾಡಿ, ಬೇರೆಬೇರೆ ಯುಗಾದಿ ಮಾಡುವ ಹಂತ ಮುಟ್ಟಿದ್ದರು. ಮೇಷ್ಟ್ರು ಅಥೆನ್ಸಿನ ಮದ್ದು ಹೊರತೆಗೆದರು. ಊರು ಇಬ್ಭಾಗವಾಗುವ ಭಯ ಬಂದಾಗ ಅಲ್ಲಿನ ನಾಗರಿಕರು ಮಡಕೆಚೂರಿನ ಮೇಲೆ ಒಬ್ಬನ ಹೆಸರು ಗೀರುತ್ತಿದ್ದರು. ಹೆಚ್ಚು ಚೂರು ಬಿದ್ದವನು ಹತ್ತು ವರ್ಷ ಊರಾಚೆ. ನಮಗೆ ಒಂದು ವರ್ಷ ಸಾಕೆಂದರು. ಇಬ್ಬರಲ್ಲೊಬ್ಬ ಹೊರಗಿದ್ದರೆ ಜಗಳ ತಾನೇ ಆರುತ್ತದೆ. ಮಡಕೆ ಸಿಗದ್ದಕ್ಕೆ ತಮ್ಮ ಮನೆಯಿಂದಲೇ ಪಿಂಗಾಣಿ ತಟ್ಟೆಗಳನ್ನು ತಂದು, ಟವೆಲಿನಲ್ಲಿ ಸುತ್ತಿ, ಸುತ್ತಿಗೆಯಿಂದ ಒಡೆದು, ಪ್ರಸಾದದಂತೆ ಹಂಚಿದರು.

ಎಣಿಸಲು ಕೂತವಳು ಕಾರ್ಯದರ್ಶಿ ನಿಶ್ಚಿತಾ. ಮೊದಲ ಕೆಲವು ಚೂರುಗಳನ್ನು ಅವಳು ಎರಡೆರಡು ಸಲ ತಿರುಗಿಸಿ ಓದಿದಳು. ಟೀ ವಿರಾಮದಲ್ಲಿ ಗಿರಿಧರ್ ಎದುರಾಳಿಯ ಹೆಗಲ ಮೇಲೆ ಕೈಹಾಕಿ, "ಮಗಾ, ನಾನು ಹೋದ್ರೂ ಲಾಸು, ನೀನು ಹೋದ್ರೂ ಲಾಸು. ದಿನಾ ವೋಟು ವೋಟು ಅಂತ ತಲೆ ತಿನ್ನೋದು ಯಾರು ಹೇಳು?" ಎಂದಿದ್ದನಂತೆ. ಎರಡು ಬಣದವರೂ ಕೂಡಿ ಬರೆದಿದ್ದ ಹೆಸರು ಒಂದೇ: ದ್ವಾರಕನಾಥ.

ಅವರು ಕೈಯೆತ್ತಿ ಫಲಿತಾಂಶವನ್ನು ಅನುಮೋದಿಸಿ, ಕೋಟು ತೊಟ್ಟು ಹೊರಟರು. ತಮಾಷೆಗೆ ಮಾಡಿದ್ದೆಂದು ಗಿರಿಧರನೇ ಬಾಗಿಲವರೆಗೆ ಓಡಿದ. ತಮಾಷೆಗೆ ಯಾರೂ ಮತ ಹಾಕುವುದಿಲ್ಲವೆಂದರು ಮೇಷ್ಟ್ರು. ಯುಗಾದಿಗೆ ಬರಲಿಲ್ಲ, ದೀಪಾವಳಿಗೂ ಇಲ್ಲ. ಬಳಗವೇನೋ ಒಡೆಯದೆ ಉಳಿಯಿತು. ಯಾರನ್ನೂ ಕೇಳದೆ ಪುಳಿಯೋಗರೆ ತರಿಸಿತು.

ಅದನ್ನೇ ಡಬ್ಬಿಗೆ ತುಂಬಿಕೊಂಡು ನಿಶ್ಚಿತಾ ಅವರ ಮನೆಗೆ ಹೋದಳು. ಅಥೆನ್ಸಿನಲ್ಲೂ ಒಮ್ಮೆ ಇಬ್ಬರು ಎದುರಾಳಿಗಳು ಕೈಜೋಡಿಸಿ ಮೂರನೆಯವನನ್ನೇ ಓಡಿಸಿದ್ದರೆಂದು ಅಷ್ಟರಲ್ಲಿ ಅವಳು ಓದಿಕೊಂಡಿದ್ದಳು.

"ಇದು ನಿಮ್ಗೆ ಗೊತ್ತಿರ್ಲಿಲ್ವಾ ಸರ್?"

"ಪ್ರತಿ ವರ್ಷ ಪಾಠ ಮಾಡ್ತಿದ್ದೆನಮ್ಮ."

ಜನರನ್ನು ನಂಬಿದವರ ಕುಲವೇ ಹೀಗೆ. ಚರಿತ್ರೆಯನ್ನೆಲ್ಲ ಬಾಯಿಪಾಠ ಮಾಡಿರುತ್ತಾರೆ. ತಮ್ಮೆದುರು ಕೂತ ಜನ ಮಾತ್ರ ಆ ಚರಿತ್ರೆಗೆ ಸೇರಿದವರಲ್ಲ ಎಂದುಕೊಳ್ಳುತ್ತಾರೆ. ಅವರು ಸೋತಾಗ ನಗುವುದು ಸುಲಭ. ನಕ್ಕು ಮುಗಿದ ಮೇಲೆ ಅವರು ಬಿಟ್ಟುಹೋದ ಕುರ್ಚಿಯಲ್ಲಿ ಕೂರಿಸಲು ಇನ್ನೊಬ್ಬರು ಸಿಗುವುದಿಲ್ಲ.

"ಬೇಜಾರಿಲ್ವಾ ಸರ್?" ಎಂದಳು ನಿಶ್ಚಿತಾ.

"ತಟ್ಟೆಗಳದ್ದಿದೆ. ಕಲ್ಯಾಣಿ ಕೊಂಡಿದ್ದ ಸೆಟ್ಟು. ಒಂದು ಉಳಿದಿದೆ, ಅದ್ರಲ್ಲಿ ನೀನು ತಿನ್ನು. ನಾನು ಡಬ್ಬೀಲೇ ತಿಂತೀನಿ."