ಹಳ್ಳದ ಮೇಲೆ ಬಿದ್ದ ದಾರಿ

ಗಡಿಯೂರು ಹಿರೋಳ್ಳಿಯ ರಸೂಲನ ಬಾವಿಗೆ ನೀರು ಮಹಾರಾಷ್ಟ್ರದಿಂದ ಬರುತ್ತದೆ. ಗಡಿಯಾಚೆ ಹುಟ್ಟುವ ಸಣ್ಣ ಹಳ್ಳ ಅವನ ಹೊಲದ ಪಕ್ಕ ಹರಿದರೆ ಬಾವಿ ತುಂಬುತ್ತದೆ. ಈ ಬೇಸಿಗೆಯಲ್ಲಿ ಆಚೆ ಬದಿ ಗಾಳಿ ವಿದ್ಯುತ್ತಿನ ಫ್ಯಾನು ನಿಲ್ಲಿಸಲು ಕಂಪನಿಯವರು ಲಾರಿಗೆ ದಾರಿ ಮಾಡಿದರು. ಹಳ್ಳದ ಮೇಲೇ ಗರಸು ಮಣ್ಣು ಸುರಿದರು. ನೀರು ದಾಟಲು ಒಂದು ಪೈಪೂ ಇಡಲಿಲ್ಲ.

ಮಳೆಗೆ ಇನ್ನು ಮೂರೇ ವಾರ. ಪಂಚಾಯಿತಿ ಸದಸ್ಯೆ ಜಯಮಾಲಾ ಅರ್ಜಿ ಬರೆದು ತಂದರೆ ರಸೂಲ ಸಹಿ ಹಾಕಲೊಲ್ಲ.

"ಅವರ ರಾಜ್ಯ, ಅವರ ಫ್ಯಾನು. ನಾವ್ಯಾರ್ರಿ ಕೇಳಾವ್ರು?"

"ಮಗಳು ಮೆಹನಾಜನ್ನ ಗಡಿ ಆಚಿ ಮದುವಿ ಮಾಡಿ ಕೊಡುವಾಗ ರಾಜ್ಯ ನೋಡಿದ್ದೇನು ರಸೂಲಣ್ಣ?"

ಹೆಂಡತಿ ಜೈತುನಬಿ ನಕ್ಕಳು. "ಖರೆ ಹೇಳ್ರಿ. ಫ್ಯಾನು ನಿಲ್ಲೂದು ಬೀಗರ ಹೊಲದಾಗ. ಅದಕ್ಕ ಇವರಿಗೆ ಅಂಜಿಕಿ."

"ಅಂಜದೇ ಏನ್ ಮಾಡ್ಲಿ? ಅವರಿಗೆ ವರ್ಷಾ ಬಾಡಿಗಿ ಬರ್ತದ. ನಾ ಅಡ್ಡ ನಿಂತ್ರ ಮಗಳು ಮಾತು ಕೇಳಬೇಕಾಗ್ತದ."

"ಫ್ಯಾನು ಬ್ಯಾಡ ಅಂತ ಯಾರಂದ್ರು?" ಎಂದಳು ಜಯಮಾಲಾ. "ಹೊಗಿ ಇಲ್ಲದ ಕರೆಂಟು, ಬರ್ಲಿ. ದಾರಿ ಕೆಳಗ ಪೈಪ್ ಹಾಕ್ರಿ ಅಂತ ಬರ್ದೇನಿ, ಅಷ್ಟೇ. ಆದ್ರ ಆಚಿ ಗ್ರಾಮಸಭಾದಾಗ ಎದ್ದು ಕೇಳಾಕ ಅಲ್ಲಿ ವೋಟು ಇದ್ದವರು ಬೇಕು. ಮೆಹನಾಜಗ ಅದ."

ರಸೂಲ ಅಳುಕುತ್ತಲೇ ಮಗಳಿಗೆ ಫೋನು ಮಾಡಿ ಸ್ಪೀಕರ್ ಹಾಕಿದ. ಅವನು ಮಾತು ಮುಗಿಸುವ ಮೊದಲೇ ಮೆಹನಾಜ ಶುರು ಮಾಡಿದಳು.

"ಅಬ್ಬಾಜಾನ್, ಹಳ್ಳಾ ಕಟ್ಟಿದ್ರ ನೀರು ಹಿಂದಕ್ಕ ಬಂದು ನಮ್ಮ ತೊಗರಿ ಒಳಗ ನಿಲ್ತದ. ಮಾವಗೂ ಅದೇ ಚಿಂತಿ. ನಿಮ್ಮ ಬಾವಿ ನೀರು ನಿಲ್ತದಂತ ನಿಮಗ ಮುಖ ತೋರ್ಸಾಕ ನಾಚಕೊಂಡು ಸುಮ್ಮನ ಕುಂತಾರ."

"ಅಯ್ಯ, ಇಬ್ರೂ ಬೀಗರು ಒಬ್ರಿಗೊಬ್ರು ಅಂಜಿ ಕುಂತೀರಿ! ಹಾಕ್ರಿ ಸಹಿ," ಎಂದಳು ಜೈತುನಬಿ.

ರಸೂಲ ಹಾಕಿದ.

ಆಚೆಯ ಗ್ರಾಮಸಭೆಯಲ್ಲಿ ಮೆಹನಾಜ ಎದ್ದು ನಿಂತು ಅರ್ಜಿ ಓದಿದಳು. ಪಕ್ಕದಲ್ಲಿ ಅವಳ ಮಾವ ಹಫೀಜ. ಕಂಪನಿಯವನು, "ಮಳೆ ಮುಗೀಲಿ, ನೋಡೋಣ," ಎಂದ.

"ಮಳಿ ಮುಗಿದ ಮ್ಯಾಲ ಪೈಪಿನಾಗ ಏನು ಹರಿಸ್ತೀರಿ?" ಎಂದ ಹಫೀಜ. "ಹೊಲಾ ಕೊಟ್ಟಾಂವ ನಾನು. ತಾರೀಖು ಬರೀರಿ."

ಪೈಪು ಹಾಕಲು ಮಳೆಗೆ ಮೊದಲಿನ ತಾರೀಖು ಸಭೆಯ ನಿರ್ಣಯದ ಠರಾವಿನಲ್ಲಿ ಬಿತ್ತು. ಠರಾವಿನ ನಕಲು ಹಿಡಿದು ಎರಡೂ ಮನೆಯವರು ಈಗ ದಿನಾ ಆ ದಾರಿಯ ಬಳಿ ಹೋಗಿ ನಿಲ್ಲುತ್ತಾರೆ. ಪೈಪು ಇಳಿಯುವವರೆಗೂ ನಿಲ್ಲುತ್ತಾರೆ.

ಆಳಂದ, ಅಫಜಲಪುರ, ಜೇವರ್ಗಿಯ ಅಕ್ಕ-ಅಣ್ಣಂದಿರೇ, ಗಾಳಿ ವಿದ್ಯುತ್ತು ಬರಲಿ, ಬಾಡಿಗೆಯೂ ಬರಲಿ. ಆದರೆ ಹೊಲ ಬಾಡಿಗೆಗೆ ಕೊಡುವ ಕರಾರು ಪತ್ರವನ್ನು ನಿಮ್ಮ ಭಾಷೆಯಲ್ಲಿ ಓದಿಸಿಕೊಳ್ಳದೆ ಸಹಿ ಮಾಡಬೇಡಿ. ದಾರಿ ಎಲ್ಲಿ ಹೋಗುತ್ತದೆ, ನೀರು ಎಲ್ಲಿ ಹೋಗುತ್ತದೆ ಎಂದು ಕೇಳಿ. ಗಡಿಯಾಚೆಯ ಕೆಲಸವಾದರೆ ಅಲ್ಲಿನ ನಿಮ್ಮವರನ್ನು ಎಬ್ಬಿಸಿ. ಅರ್ಜಿ ಕೊಟ್ಟರೆ ನಕಲಿನ ಮೇಲೆ ಕಚೇರಿಯ ಸಿಕ್ಕಾ ಒತ್ತಿಸಿಕೊಳ್ಳಿ. ಮೊದಲ ಮಳೆಗೆ ಮುಂಚೆಯೇ ಕೇಳಿ.