ಒಳಮಡಿಕೆಯ ಚುಕ್ಕೆಗಳು

೨೦೨೩ರ ಏಪ್ರಿಲ್ ಒಂಬತ್ತು, ಭಾನುವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದ ಹಿಂಗೋಡೆಯ ಬಳಿ ಮೂವರು ಮಿಸುಕದೆ ನಿಂತಿದ್ದರು: ಅಕ್ಕ, ಅವಳ ತಮ್ಮ, ಮತ್ತು ಅವತ್ತು ಮೊದಲ ಬಾರಿ ಜೊತೆಗೆ ಬಂದಿದ್ದ ವಿಶ್ವವಿದ್ಯಾಲಯದ ಅಂಕಿಅಂಶದ ಹುಡುಗಿ.

ಅಕ್ಕ ಇದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ರಕ್ತಪರೀಕ್ಷೆ ಮಾಡಿ ನಿವೃತ್ತಳಾದವಳು. ಸೂಕ್ಷ್ಮದರ್ಶಕದಡಿ ಕಣ ಎಣಿಸಿ ಎಣಿಸಿ, ಎಣಿಸದೆ ಹೇಳಿದ ಮಾತಿನ ಮೇಲೆ ಅವಳಿಗೆ ನಂಬಿಕೆಯೇ ಹೊರಟುಹೋಗಿತ್ತು. ೨೦೦೧ರಿಂದ ಏಪ್ರಿಲ್ ತಿಂಗಳ ಪ್ರತಿ ಭಾನುವಾರ ಇದೇ ಎರಡು ಕಿಲೋಮೀಟರ್ ನಡೆದು, ಹತ್ತು ಕಡೆ ಐದೈದು ನಿಮಿಷ ನಿಂತು, ಕಿವಿಗೆ ಬಿದ್ದ ಹಕ್ಕಿಗಳನ್ನು ಲೆಕ್ಕಹಾಕುತ್ತಿದ್ದಳು. ಕಂಡದ್ದು ಲೆಕ್ಕಕ್ಕಿಲ್ಲ. ಎಲೆಮರೆಯಲ್ಲಿ ಕೂತದ್ದಕ್ಕೂ ತಂತಿಯ ಮೇಲೆ ಕೂತದ್ದಕ್ಕೂ ಒಂದೇ ನ್ಯಾಯ ಇರಲಿ ಎಂದು, ಕೇಳಿಸಿದ್ದು ಮಾತ್ರ. ಅವಳು ಹೇಳುವುದು, ತಮ್ಮ ಬರೆಯುವುದು.

ತಮ್ಮ ಟೈಲರ್. ಬಸ್ ಡಿಪೋ ಎದುರಿಗೆ ಅಂಗಡಿ. ಅಲ್ಲಿ ಎರಡು ಹೊಲಿಗೆ ಮಿಷನ್, ಒಂದು ನಿಲುಗನ್ನಡಿ, ಜೊತೆಗೆ ಬಿಡುವಿಲ್ಲದ ಅವನ ಬಾಯಿ. ಮೊದಲ ವರ್ಷ ಅವನು "ಅಕ್ಕಾ, ಗುಬ್ಬಿ, ಗುಬ್ಬಿ" ಎಂದು ಪಿಸುಗುಟ್ಟಿದ್ದಕ್ಕೆ ಆ ನಿಲುಗಡೆಯ ಲೆಕ್ಕಕ್ಕೇ ಅವಳು ಅಡ್ಡಗೆರೆ ಎಳೆದಿದ್ದಳು.

"ಎಣಿಸೋ ಕಿವಿ ಒಂದೇ ಜೋಡಿ ಇರ್ಬೇಕು. ಬರೆಯೋನಿಗೆ ಕೈ ಮಾತ್ರ, ಕಿವಿ ಇಲ್ಲ. ತಿಳೀತಾ?"

ಅಂದಿನಿಂದ ಭಾನುವಾರದ ಆ ಒಂದೂವರೆ ಗಂಟೆ ಅವನು ಗುಂಡುಸೂಜಿ ಕಚ್ಚಿಕೊಂಡವನಂತೆ ತುಟಿ ಬಿಗಿದಿರುತ್ತಿದ್ದ.

ಐದು ನಿಮಿಷ ಮುಗಿಯಿತು. "ಕಾಗೆ ಮೂರು, ಮೈನಾ ಎರಡು," ಎಂದಳು ಅಕ್ಕ. "ಅಷ್ಟೇ."

ಹುಡುಗಿ ಗೋಡೆಯ ಮೇಲಿನ ಬಳ್ಳಿಯನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದಳು. "ಮೇಡಂ, ಬೆಳ್ಗಣ್ಣ ಬಿಟ್ರಾ? ಆಗ್ಲಿಂದ ಕೂಗ್ತಾನೇ ಇವೆಯಲ್ಲ."

"ಬೆಳ್ಗಣ್ಣ ಇಲ್ಲಿಂದ ಹೋಗಿ ಐದು ವರ್ಷ ಆಯ್ತಮ್ಮ."

ಹುಡುಗಿ ಬಳ್ಳಿಯತ್ತ ಬೆರಳು ತೋರಿಸಿದಳು. ಹೆಬ್ಬೆರಳಿಗಿಂತ ತುಸು ದೊಡ್ಡವು, ಹಳದಿ ಬೆರೆತ ಹಸಿರು, ಕಣ್ಣಿನ ಸುತ್ತ ಸುಣ್ಣದ ಉಂಗುರ. ನಾಲ್ಕಿದ್ದವು. ಒಂದರ ಕೊಕ್ಕು ತೆರೆದು ಮುಚ್ಚುತ್ತಿತ್ತು, ಗಂಟಲು ಅದುರುತ್ತಿತ್ತು. ಅಕ್ಕನಿಗೆ ಕೇಳಿಸಿದ್ದು ಗೋಡೆಯಾಚೆಯ ಬಾಯ್ಲರ್ ಸದ್ದು ಮಾತ್ರ.

ತಮ್ಮ ಪುಸ್ತಕದಲ್ಲಿ ತಲೆ ಹುದುಗಿಸಿದ.

ಉಳಿದ ಆರು ನಿಲುಗಡೆಗಳನ್ನೂ ಅಕ್ಕ ಮುಗಿಸಿದಳು. ಅರ್ಧಕ್ಕೆ ಬಿಡುವ ಜಾಯಮಾನ ಅವಳದಲ್ಲ. ಕೊನೆಗೆ ಡಿಪೋದ ಕಲ್ಲುಬೆಂಚಿನ ಮೇಲೆ ಕೂತಾಗ ಹುಡುಗಿ ಮೆಲ್ಲಗೆ ವಿಷಯಕ್ಕೆ ಬಂದಳು. ಊರಿನ ಹಕ್ಕಿಗಳ ವರದಿ ಶುಕ್ರವಾರ ಹೋಗಬೇಕು. ಇಪ್ಪತ್ತು ವರ್ಷ ದಾಟಿದ ಲೆಕ್ಕ ಇರುವುದು ಇದೊಂದೇ. ಕೋಗಿಲೆ ಕಡಿಮೆಯಾಗಿದೆ, ಗುಬ್ಬಿ ಕಡಿಮೆಯಾಗಿದೆ ಎಂದು ಎಲ್ಲರೂ ಬಾಯಿಮಾತಿಗೆ ಹೇಳುತ್ತಾರೆ. ಎಷ್ಟು ಎಂದು ಹೇಳಬಲ್ಲದ್ದು ಈ ಇಪ್ಪತ್ತಮೂರು ಪುಸ್ತಕಗಳು ಮಾತ್ರ.

"ಆದ್ರೆ ಮೇಡಂ, ಯಾವ ವರ್ಷದಿಂದ ನಿಮಗೆ ಕೇಳಿಸ್ತಿಲ್ಲ ಅಂತ ಗೊತ್ತಾಗದೆ ಹೋದ್ರೆ, ಹಕ್ಕಿ ಕಡಿಮೆ ಆಗಿದ್ದು ಯಾವುದು, ಕಿವಿ ಕಡಿಮೆ ಆಗಿದ್ದು ಯಾವುದು ಅಂತ ಹೇಗೆ ಬೇರೆ ಮಾಡೋದು? ಅಷ್ಟನ್ನೂ ಕೈಬಿಡಬೇಕಾಗುತ್ತೆ."

"ಕೈಬಿಡಲೇಬೇಕು," ಎಂದಳು ಅಕ್ಕ. "ನಾನಾಗಿದ್ರೂ ಬಿಡ್ತಿದ್ದೆ." ಮಾತು ಸರಿಯಾಗಿಯೇ ಬಂತು. ಮನೆಗೆ ಹೋದವಳು ಚಪ್ಪಲಿ ಬಿಚ್ಚದೆಯೇ ಪುಸ್ತಕಗಳ ಕಪಾಟಿನ ಮುಂದೆ ಹೋಗಿ ನಿಂತಳು.

ಸೋಮವಾರ ಆಸ್ಪತ್ರೆಯ ಕಿವಿ ವಿಭಾಗದ ಗಾಜಿನ ಕೋಣೆಯಲ್ಲಿ ಕೂತು, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿದಳು. ಬಹಳ ಹೊತ್ತು ಒತ್ತುವುದಕ್ಕೇನೂ ಇರಲಿಲ್ಲ. ಹಾಳೆಯ ಮೇಲಿನ ಗೆರೆ ಎರಡು ಸಾವಿರ ಹರ್ಟ್ಸ್‌ವರೆಗೆ ನೆಟ್ಟಗೆ ಬಂದು, ಅಲ್ಲಿಂದ ಮೆಟ್ಟಿಲು ತಪ್ಪಿದವರ ಹಾಗೆ ಕೆಳಗೆ ಬಿದ್ದಿತ್ತು. ಬೆಳ್ಗಣ್ಣ, ಸೂರಕ್ಕಿಗಳ ದನಿ ನಾಲ್ಕು ಸಾವಿರದ ಮೇಲೆ. ಅವಳ ಪಾಲಿಗೆ ಅವು ಮೂಕಹಕ್ಕಿಗಳು.

ಆ ಹಾಳೆ ಹಿಡಿದು ಹೊರಗೆ ಬಂದವಳಿಗೆ ಎದೆಯ ಒಂದು ಮೂಲೆಯಲ್ಲಿ ಹಗುರವೆನಿಸಿತು. ಹೋದವೆಂದು ತಾನು ಮರುಗಿದ ಹಕ್ಕಿಗಳು ಹೋಗಿರಲಿಲ್ಲ! ಹಾಗಾದರೆ ಕೋಗಿಲೆ? ಆ ಆಸೆ ಮೂರು ಮೆಟ್ಟಿಲು ಇಳಿಯುವಷ್ಟು ಹೊತ್ತು ಬಾಳಿತು. ಕೋಗಿಲೆಯ ಕೂಗು ಒಂದು ಸಾವಿರ ಹರ್ಟ್ಸ್‌ನ ಆಸುಪಾಸು. ಅಲ್ಲಿ ಅವಳ ಕಿವಿ ಹದಿಹರೆಯದವರಷ್ಟೇ ಚುರುಕು. ತನ್ನ ಕಿವಿಯದೇ ತಪ್ಪಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳು ಬಾಳಿನಲ್ಲಿ ಮೊದಲ ಸಲ ಅಂದುಕೊಂಡಳು. ಆದರೆ ತನ್ನ ಕಿವಿಗೆ ತಾನೇ ಸಾಕ್ಷಿ ಹೇಳಿದರೆ ಯಾರು ಒಪ್ಪುತ್ತಾರೆ?

ಬುಧವಾರ ಮಧ್ಯಾಹ್ನ ಇಪ್ಪತ್ತಮೂರು ಪುಸ್ತಕಗಳನ್ನೂ ಚೀಲದಲ್ಲಿ ತುಂಬಿಕೊಂಡು ತಮ್ಮನ ಅಂಗಡಿಗೆ ಹೋದಳು. ಪುಸ್ತಕಗಳನ್ನು ವರ್ಷ ವರ್ಷವೂ ಹಾಳೆ ಮಡಿಸಿ ಹೊಲಿದು ಕೊಟ್ಟವನು ಅವನೇ. ಅವನು ಯಾರದೋ ಪ್ಯಾಂಟಿನ ಸೊಂಟದ ಹೊಲಿಗೆ ಬಿಚ್ಚುತ್ತಿದ್ದ.

"ಇದನ್ನೆಲ್ಲ ನೀನೇ ಇಟ್ಕೋ. ಪ್ಯಾಟರ್ನ್ ಕತ್ತರಿಸೋಕೆ ಆಗುತ್ತೆ. ವರದಿಗೆ ಬೇಡ ಅಂತ ನಾಳೆ ಫೋನ್ ಮಾಡಿ ಹೇಳ್ತೀನಿ."

ತಮ್ಮ ಬ್ಲೇಡು ಕೆಳಗಿಟ್ಟ. "ಈ ಪ್ಯಾಂಟ್ ನೋಡು. ಮೂರು ವರ್ಷದ ಹಿಂದೆ ಹೊಲಿದಾಗ ಇವನು ಬೆತ್ತದ ಹಾಗಿದ್ದ. ಈಗ ಉಬ್ಬಿದ್ದಾನೆ. ಆದ್ರೂ ಪ್ಯಾಂಟ್ ಹಾಳಾಗಿಲ್ಲ. ಯಾಕೆ ಹೇಳು?"

"ನಂಗೆ ಈಗ ನಿನ್ನ ಗಿರಾಕಿ ಹೊಟ್ಟೆ ಕಟ್ಟಿಕೊಂಡು ಏನಾಗ್ಬೇಕೋ?"

"ಒಳಗೆ ಬಟ್ಟೆ ಬಿಟ್ಟಿರ್ತೀನಿ ಅಕ್ಕ. ಗೆರೆಗೆ ಸರಿಯಾಗಿ ಯಾವತ್ತೂ ಕತ್ತರಿಸಲ್ಲ." ಅವನು ಚೀಲದಿಂದ ೨೦೧೯ರ ಪುಸ್ತಕ ತೆಗೆದು, ಎರಡು ಹೆಬ್ಬೆರಳಿಂದ ಒತ್ತಿ, ಹೊಲಿಗೆಯ ದಾರ ಕಾಣುವವರೆಗೆ ಅಗಲಿಸಿದ. "ಬೈಯೋದಾದ್ರೆ ಮೆಲ್ಲಗೆ ಬೈಯಿ. ಹೊರಗೆ ಗಿರಾಕಿ ಇದ್ದಾರೆ."

ಪುಟದ ಒಳಮಡಿಕೆಯಲ್ಲಿ, ಅಂಕಣಗಳಿಂದ ಆಚೆ, ಪೆನ್ಸಿಲಿನ ಚುಕ್ಕೆಗಳಿದ್ದವು. 'ಬೆ' ಎಂಬ ಅಕ್ಷರದ ಮುಂದೆ ಆರು. 'ಸೂ' ಮುಂದೆ ಎರಡು. 'ಗು' ಮುಂದೆ ಒಂದು.

"ನೀನು ಹೇಳದೆ ಬಿಟ್ಟಿದ್ದು. ನಂಗೆ ಕೇಳಿಸಿದ್ದು. ಒಂದು ಹಕ್ಕಿಗೆ ಒಂದು ಚುಕ್ಕೆ. ನಿನ್ನ ಅಂಕಣಕ್ಕೆ ಕೈ ಹಾಕಿಲ್ಲ, ಆಣೆಗೂ."

"ಎಲ್ಲಿಂದ ಶುರು?"

"ಎರಡು ಸಾವಿರದ ಹದಿಮೂರು. ಅದಕ್ಕೆ ಮುಂಚೆ ನಂಗೆ ಕೇಳಿಸಿದ್ದೆಲ್ಲ ನೀನೂ ಹೇಳ್ತಿದ್ದೆ."

"ಹತ್ತು ವರ್ಷ! ಹತ್ತು ವರ್ಷ ಕೂತ್ಕೊಂಡು ನನ್ನ ಕಿವುಡಿನ ಲೆಕ್ಕ ಇಟ್ಯೇನೋ?"

"ಕಿವುಡಿಂದಲ್ಲ, ಹಕ್ಕಿದು." ಅವನು ತಲೆ ಕೆರೆದುಕೊಂಡ. "ಬಾಯಿ ಬಿಟ್ಟು ಹೇಳಿದ್ರೆ ನೀನು ಅವತ್ತೇ ನಿಲ್ಲಿಸ್ಬಿಡ್ತಿದ್ದೆ. ಭಾವ ತೀರಿಕೊಂಡ ವರ್ಷ ಅದು. ಭಾನುವಾರ ಒಂದು ದಿನ ನೀನು ಎದ್ದು ಹೊರಗೆ ಬರ್ತಿದ್ದೆ. ಅದನ್ನೂ ನಾನೇ ಕಿತ್ಕೊಳ್ಳೋದಾ?"

ಅಕ್ಕ ಕತ್ತರಿಸುವ ಮೇಜಿನ ಮೇಲಿದ್ದ ಬಟ್ಟೆ ಸರಿಸಿ, ಹನ್ನೊಂದು ಪುಸ್ತಕಗಳನ್ನು ವರ್ಷದ ಕ್ರಮದಲ್ಲಿ ಹರಡಿದಳು. ೨೦೧೩ರ ಇಡೀ ಏಪ್ರಿಲ್‌ನಲ್ಲಿ ಒಂದೇ ಒಂದು ಚುಕ್ಕೆ. ಮರುವರ್ಷ ಐದು. ಅದರ ಮರುವರ್ಷ ಹದಿನಾಲ್ಕು. ಆಮೇಲೆ ಮಳೆಹನಿ ಬಿದ್ದ ಧೂಳಿನಂತೆ ಪುಟಗಳ ಮಡಿಕೆ ತುಂಬುತ್ತ ಹೋಗಿತ್ತು. ತನ್ನ ಕಿವಿ ನಡೆದುಹೋದ ದಾರಿಯನ್ನು ಅವಳು ಹೆಜ್ಜೆ ಹೆಜ್ಜೆಯಾಗಿ ಕಂಡಳು. ಹಾಗೆಯೇ, ಆ ದಾರಿಯುದ್ದಕ್ಕೂ ಒಬ್ಬ ಬಾಯಿಬಡುಕ ತುಟಿ ಬಿಗಿದು ಪಕ್ಕದಲ್ಲೇ ನಡೆದು ಬಂದದ್ದನ್ನೂ.

ನಂತರ ಅವಳು ಒಂದೇ ಅಕ್ಷರವನ್ನು ಹುಡುಕಿದಳು. ಭೂತಗನ್ನಡಿ ತರಿಸಿಕೊಂಡು ಎಲ್ಲ ಮಡಿಕೆಗಳನ್ನೂ ಎರಡೆರಡು ಸಲ ನೋಡಿದಳು. 'ಕೋ' ಎಲ್ಲೂ ಇರಲಿಲ್ಲ. ಹನ್ನೊಂದು ಏಪ್ರಿಲ್‌ಗಳಲ್ಲಿ ಅವಳಿಗೆ ಕೇಳಿಸದ ಒಂದು ಕೋಗಿಲೆಯೂ ತಮ್ಮನಿಗೆ ಕೇಳಿಸಿರಲಿಲ್ಲ. ಎರಡನೆಯ ಸಾಕ್ಷಿ ಸಿಕ್ಕಿತ್ತು. ದುಃಖದ ಸಾಕ್ಷಿ, ಆದರೆ ಗಟ್ಟಿ.

"ನಿಂಗೆ..." ಎಂದು ಶುರುಮಾಡಿದಳು.

"ಥ್ಯಾಂಕ್ಸ್ ಗೀಂಕ್ಸ್ ಹೇಳ್ಬೇಡ. ಅಭ್ಯಾಸ ಇಲ್ಲ ನಿನಗೆ, ನಾಲಿಗೆ ಉಳುಕುತ್ತೆ."

ಅವಳು ನಕ್ಕಳು. ಕಣ್ಣಲ್ಲಿ ನೀರು ಬಂದದ್ದಕ್ಕೆ ನಗುವೇ ಕಾರಣ ಎಂದು ಇಬ್ಬರೂ ಮಾತಿಲ್ಲದೆ ಒಪ್ಪಿಕೊಂಡರು.

ಗುರುವಾರ ಅಂಕಿಅಂಶದ ಹುಡುಗಿ ಬಂದು, ಮಡಿಕೆಗಳ ಫೋಟೊ ತೆಗೆದು, ಎರಡು ಗಂಟೆ ಲ್ಯಾಪ್‌ಟಾಪಿಗೆ ಅಂಟಿಕೊಂಡು ಕೂತಳು. ಅಂಕಣ ಒಬ್ಬರದು, ಚುಕ್ಕೆ ಇನ್ನೊಬ್ಬರದು ಎಂದು ಬೇರೆಬೇರೆಯಾಗಿಯೇ ಇದ್ದದ್ದರಿಂದ ಎರಡನ್ನೂ ಕೂಡಿಸಬಹುದಿತ್ತು. ಕೂಡಿಸಿದಾಗ ಬೆಳ್ಗಣ್ಣದ ಗೆರೆ ಇಪ್ಪತ್ತಮೂರು ವರ್ಷವೂ ಹೆಚ್ಚುಕಡಿಮೆ ಸಮವಾಗಿ ಹೋಯಿತು. ಗುಬ್ಬಿಯದು ಇಳಿಯಿತು. ಕೋಗಿಲೆಯದು ಇನ್ನೂ ಕಡಿದಾಗಿ ಇಳಿಯಿತು.

"ಒಂದು ಪುಟವನ್ನೂ ಕೈಬಿಡಬೇಕಾಗಿಲ್ಲ ಮೇಡಂ. ಮಾಸ್ಟರ್, ನೀವು ಎರಡನೇ ವೀಕ್ಷಕರು."

"ಕಿವಿ ಇಲ್ಲದೋನು ವೀಕ್ಷಕ ಹೇಗಾಗ್ತಾನಮ್ಮ? ನಮ್ಮ ಅಕ್ಕನ್ನ ಕೇಳು," ಎಂದು ಅವನು ಕಾಲರ್ ಸರಿಮಾಡಿಕೊಂಡ.

ಏಪ್ರಿಲ್ ಹದಿನಾರರ ಭಾನುವಾರ ಪೆನ್ಸಿಲ್ ಅಕ್ಕನ ಕೈಯಲ್ಲಿತ್ತು. ಹೇಳುವುದು ತಮ್ಮನ ಸರದಿ. ಲಾಂಡ್ರಿ ಗೋಡೆಯ ಬಳಿ ಅವನು ಕಣ್ಣುಮುಚ್ಚಿ ಕತ್ತು ವಾಲಿಸಿ ನಿಂತ ಭಂಗಿ ಅವಳಿಗೆ ನಗು ತರಿಸಿತು. ಅದು ಅವಳದೇ ಭಂಗಿ.

"ಬೆಳ್ಗಣ್ಣ ಐದು," ಎಂದ. ಅವಳಿಗೆ ಬಾಯ್ಲರ್ ಮಾತ್ರ ಕೇಳಿಸಿತು. ತಲೆಯೆತ್ತಿ ನೋಡಲಿಲ್ಲ, ಮರುಪ್ರಶ್ನೆ ಹಾಕಲಿಲ್ಲ. ಐದು ಎಂದು ದುಂಡಗೆ ಬರೆದಳು. ಇನ್ನೊಬ್ಬರ ಕಿವಿಯನ್ನು ನಂಬುವುದು ಇಷ್ಟು ಸುಲಭವೆಂದು ಅವಳಿಗೆ ಅರವತ್ತೆರಡನೆಯ ವಯಸ್ಸಿನಲ್ಲಿ ಗೊತ್ತಾಗುತ್ತಿತ್ತು.

ಎಂಟನೆಯ ನಿಲುಗಡೆ, ನೀರಿನ ಟ್ಯಾಂಕಿನ ಕೆಳಗೆ, ಕೋಗಿಲೆ ಕೂಗಿತು. ಇಬ್ಬರಿಗೂ ಕೇಳಿಸಿತು. ತಮ್ಮ ಸುಮ್ಮನೆ ನಿಂತ. ಅಕ್ಕನೂ ಸುಮ್ಮನಿದ್ದಳು, ಬರೆಯುವವಳು ಬಾಯಿಬಿಡುವಂತಿಲ್ಲ. ಹಕ್ಕಿ ಮತ್ತೆ ಮತ್ತೆ, ಒಂದಕ್ಕಿಂತ ಒಂದು ಮೇಲೆ ಕೂಗಿ, ಥಟ್ಟನೆ ನಿಲ್ಲಿಸಿತು.

"ಕೋಗಿಲೆ ಒಂದು," ಎಂದ ತಮ್ಮ. "ನಿಂಗೆ ಪೂರ್ತಿ ಕೇಳ್ಲಿ ಅಂತ ಕಾದೆ."

ಇದ್ದ ಒಂದಕ್ಕಾಗಿ, ಅದನ್ನು ಕೇಳಿಸಿಕೊಂಡ ಎರಡು ಜೋಡಿ ಕಿವಿಗಳಿಗಾಗಿ ಅವಳ ಮನಸ್ಸು ತುಂಬಿ ಬಂತು. ಬರೆದಳು. ಕೊನೆಯ ನಿಲುಗಡೆಯಲ್ಲಿ ಇನ್ನೊಂದು ಕೋಗಿಲೆ ಸಿಕ್ಕಿತು. ಡಿಪೋದ ಬೆಂಚಿನಲ್ಲಿ ಕೂತು ಅಂಕಣಗಳನ್ನು ಕೂಡಿದಳು. ಹತ್ತು ನಿಲುಗಡೆಗಳಲ್ಲಿ, ಐವತ್ತು ನಿಮಿಷಗಳಲ್ಲಿ: ಬೆಳ್ಗಣ್ಣ ಇಪ್ಪತ್ತೇಳು, ಗುಬ್ಬಿ ಎಂಟು, ಕೋಗಿಲೆ ಎರಡು.